ಗಂಗುಲಮ್ಮನ ಎಡಬದಿ, ಬಯ್ಯಪ್ಪನ ಬಲಬದಿ

ನಮ್ಮೂರಿನಲ್ಲಿ ಯಾರ ಮನೆಗೆ ಬೇಕಾದರೂ ನಾನು ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗುತ್ತೇನೆ. ಆಶಾ ಕಾರ್ಯಕರ್ತೆಗೆ ಅಷ್ಟು ಸಲಿಗೆ ಇದೆ. ಬಾಣಂತಿಯ ಕೋಣೆ, ಅಡುಗೆಮನೆ, ದೇವರ ಮನೆ, ಎಲ್ಲೂ ತಡೆಯಿಲ್ಲ. ತಡೆ ಇರುವುದು ರೇಷ್ಮೆ ಹುಳದ ಮನೆಗಳಲ್ಲಿ ಮಾತ್ರ, ಅದರಲ್ಲೂ ಗಂಗುಲಮ್ಮನವರ ಹುಳದ ಮನೆಯಲ್ಲಿ. ಅಲ್ಲಿ ನಾನು ಬಾಗಿಲಾಚೆ ನಿಂತೇ ಮಾತಾಡಬೇಕು. ನಾನೊಬ್ಬಳೇ ಏನಲ್ಲ, ನಮ್ಮ ಮಾವ ರಾಮಾಂಜಿನಪ್ಪನವರೂ ಅಲ್ಲೇ ನಿಲ್ಲಬೇಕು. ಮಾವ ಊರಿಗೆ ದೊಡ್ಡ ಜಮೀನಿನವರು. ಒಂದು ಕಾಲದಲ್ಲಿ ಗಂಗುಲಮ್ಮ ನಮ್ಮ ಮನೆಗೆ ಕೂಲಿಗೆ ಬರುತ್ತಿದ್ದರಂತೆ, ಹಿತ್ತಿಲ ಬಾಗಿಲಲ್ಲಿ ನಿಂತು ಎತ್ತಿ ಹೊಯ್ದ ನೀರು ಕುಡಿದು ಹೋಗುತ್ತಿದ್ದರಂತೆ. ಈಗ ಅವರ ಬಾಗಿಲಾಚೆ ಮಾವ ನಿಂತಿರುವುದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಸಂತೋಷವಾಗುತ್ತದೆ. ನಮ್ಮ ಅತ್ತೆಗೆ ಮಾತ್ರ ಇದನ್ನು ಯಾರೂ ಹೇಳಬೇಡಿ.

ಇದು ಗಂಗುಲಮ್ಮನವರ ಬಡಿವಾರ ಅಂತ ತಿಳಿಯಬೇಡಿ. ರೇಷ್ಮೆ ಹುಳ ಸಾಕುವ ಮನೆಗಳ ಕಟ್ಟು ಅದು. ಶಿಡ್ಲಘಟ್ಟದ ಸುತ್ತ ಹುಳ ಸಾಕುವವರೆಲ್ಲ ಇದನ್ನು ಪಾಲಿಸುತ್ತಾರೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿರುತ್ತದೆ, ಕಾಲು ಅದ್ದಿ, ಕೈ ತೊಳೆದು ಮನೆಯವರು ಮಾತ್ರ ಒಳಗೆ ಹೋಗಬೇಕು. ಬೀಡಿ ಸೇದಿದವರು ಹತ್ತಿರ ಬರಬಾರದು, ಸೆಂಟು ಹಾಕಿಕೊಂಡವರು ಬರಬಾರದು. ಸೊಳ್ಳೆ ಬತ್ತಿ ಹಚ್ಚಿದರೂ ಹುಳ ಸಾಯುತ್ತವೆ. ಪಕ್ಕದ ಟೊಮೊಟೊ ಹೊಲದಲ್ಲಿ ಔಷಧಿ ಹೊಡೆದು ಗಾಳಿ ಈ ಕಡೆ ಬೀಸಿದರೆ ಮುಗಿಯಿತು, ತಿಂಗಳ ದುಡಿಮೆ ಗುಂಡಿಗೆ ಹೋಗುತ್ತದೆ. ಅಂಥ ನಾಜೂಕಿನ ಪ್ರಾಣಿ ಅದು. ಕೊರೋನಾ ಬಂದ ಮೊದಲ ವರ್ಷ ನಾನು ಕೈ ತೊಳೆಯಿರಿ, ದೂರ ನಿಲ್ಲಿ, ಬೇರೆಯವರ ಮನೆಗೆ ಹೋಗಬೇಡಿ ಅಂತ ಗಂಟಲು ಹರಿದುಕೊಳ್ಳುತ್ತಾ ಬೀದಿ ಸುತ್ತಿದೆ. ಗಂಗುಲಮ್ಮ ಒಳಗಿನಿಂದಲೇ ನಕ್ಕು, ಇಷ್ಟು ದಿನ ಹುಳಕ್ಕೆ ಮಾಡುತ್ತಿದ್ದೆವು, ಇನ್ನು ನಮಗೂ ಮಾಡಿಕೊಳ್ಳೋಣ ಬಿಡಮ್ಮ ಅಂದರು.

ಅವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನಲ್ಲಿ, ನಗರಗೆರೆಯಿಂದ ಇನ್ನೂ ಒಳಗೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯಲ್ಲಿ. ತವರಿನ ಮಾತು ತೆಲುಗು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕನ್ನಡ ಚೆನ್ನಾಗಿ ಕಲಿತರು. ಆದರೂ ಕೋಪ ಬಂದಾಗ ತೆಲುಗು ಹೊರಡುತ್ತದೆ, ಹುಳಗಳ ಜೊತೆ ಮಾತಾಡುವಾಗಲೂ ತೆಲುಗೇ. ಅವರ ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅಂಬೇಡ್ಕರ್ ಪಟ, ಗಂಗಮ್ಮನ ಪಟ ಮೂರೂ ಒಂದೇ ಸಾಲಿನಲ್ಲಿವೆ. ನಮ್ಮ ಮನೆಯ ಹುಳ ಸಾಕುತ್ತಲೇ ಅವರು ಆ ಕೆಲಸ ಕಲಿತದ್ದು. ಆಮೇಲೆ ಸರ್ಕಾರದಿಂದ ಬಂದ ಒಂದು ತುಂಡು ಭೂಮಿಗೆ ಹಿಪ್ಪುನೇರಳೆ ಹಾಕಿ, ತಮ್ಮದೇ ಹುಳದ ಮನೆ ಕಟ್ಟಿಕೊಂಡರು. ಇರುವ ಮನೆ ಮಳೆಗೆ ಸೋರುತ್ತಿದ್ದರೂ ಹುಳದ ಮನೆಗೇ ಮೊದಲು ಹೊಸ ಶೀಟು ಬಿತ್ತು. ಆ ಹುಳಗಳೇ ಮಗಳು ಕವಿತಳನ್ನು ಡಿಗ್ರಿ ಓದಿಸಿದವು. ಅವಳೀಗ ಚಿಕ್ಕಬಳ್ಳಾಪುರದಲ್ಲಿ ಒಂದು ಆಫೀಸಿನಲ್ಲಿದ್ದಾಳೆ.

ಗಂಡ ಬಯ್ಯಪ್ಪ ಉದ್ದಕ್ಕೆ, ತೆಳ್ಳಗೆ, ಮಾತಿಗೆ ಮುಂಚೆ ನಗುವ ಮನುಷ್ಯ. ಒಂದೇ ಕೊರತೆ, ಚಿಕ್ಕಂದಿನಿಂದ ಉಬ್ಬಸ. ಮೋಡ ಕವಿದರೆ ಸಾಕು, ಎದೆಯಲ್ಲಿ ಕುಯ್ ಕುಯ್ ಅನ್ನುವುದು ಬಾಗಿಲಾಚೆ ನಿಂತ ನನಗೂ ಕೇಳಿಸುತ್ತದೆ. ಪಂಪು ಎಳೆಯುತ್ತಾರೆ, ಮಾತ್ರೆ ನುಂಗುತ್ತಾರೆ. ಅದು ಸಾಲದು ಅಂತ ಗಂಗುಲಮ್ಮ ವರ್ಷಕ್ಕೊಮ್ಮೆ ಬಸ್ಸು ಹತ್ತಿಸಿ ಮುರುಗಮಲ್ಲದ ದರ್ಗಾಕ್ಕೂ ಕರೆದುಕೊಂಡು ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಾರೆ. ನನ್ನ ಗಂಡನಿಗೆ ತಲೆನೋವು ಬಂದರೆ ನಾನು ಮಾತ್ರೆ ಎಲ್ಲಿದೆ ಅಂತ ತೋರಿಸುವುದೇ ಹೆಚ್ಚು.

ಈ ಗಂಡ ಹೆಂಡತಿ ಕೆಲಸ ಹಂಚಿಕೊಂಡಿದ್ದ ರೀತಿ ಹೀಗಿತ್ತು. ತೋಟದಿಂದ ಹಿಪ್ಪುನೇರಳೆ ರೆಂಬೆ ಕೊಯ್ದು ಹೊತ್ತು ತರುವುದು ಬಯ್ಯಪ್ಪ, ಹುಳದ ಮೇಲೆ ಹಾಸುವುದು ಗಂಗುಲಮ್ಮ. ಬಯ್ಯಪ್ಪ ಹಾಸಿದರೆ ದಪ್ಪವಾಗುತ್ತದೆ, ಅಡಿಯಲ್ಲಿರುವ ಹುಳಕ್ಕೆ ಸೆಖೆಯಾಗುತ್ತದೆ ಅಂತ ಹೆಂಡತಿ ಕೈಹಾಕಲು ಬಿಡುತ್ತಿರಲಿಲ್ಲ. ಇನ್ನೊಂದು ಕೆಲಸಕ್ಕಂತೂ ಬಯ್ಯಪ್ಪ ಹತ್ತಿರವೇ ಸುಳಿಯುವಂತಿರಲಿಲ್ಲ. ಹುಳ ದೊಡ್ಡದಾಗುವಾಗ ನಡುನಡುವೆ ತಿನ್ನುವುದು ಬಿಟ್ಟು, ತಲೆಯೆತ್ತಿ ಸುಮ್ಮನೆ ಇದ್ದುಬಿಡುತ್ತದೆ. ಹಳೇ ಪೊರೆ ಕಳಚುವ ಹೊತ್ತು ಅದು. ಹುಳ ಜ್ವರಕ್ಕೆ ಹೋಯಿತು ಅನ್ನುತ್ತಾರೆ ನಮ್ಮ ಕಡೆ. ಆಗ ಸೊಪ್ಪು ಹಾಕಬಾರದು, ಅಲುಗಿಸಬಾರದು, ತೇವ ಹೀರಲಿ ಅಂತ ಮೇಲೆ ಸುಣ್ಣದ ಪುಡಿ ಚೆಲ್ಲಬೇಕು. ಆ ಸುಣ್ಣ ಗಾಳಿಗೆ ಎದ್ದರೆ ಬಯ್ಯಪ್ಪನ ಎದೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಗಂಗುಲಮ್ಮ ಆ ದಿನ ಅವರನ್ನು ಏನಾದರೊಂದು ನೆಪ ಹೇಳಿ ತೋಟಕ್ಕೆ ಅಟ್ಟಿ, ಮೂಗಿಗೆ ಸೆರಗು ಕಟ್ಟಿಕೊಂಡು ಒಬ್ಬರೇ ಮುಗಿಸುತ್ತಿದ್ದರು.

ಕೊರೋನಾ ಬಂದ ಎರಡನೇ ವರ್ಷ, ಬೇಸಿಗೆಯಲ್ಲಿ, ಎರಡನೇ ಅಲೆ ಬಂತು. ಬಯ್ಯಪ್ಪನ ತಮ್ಮ ಚಿರಂಜೀವಿ ಗಟ್ಟಿಮುಟ್ಟಾದ ಆಳು, ಮೂಟೆ ಹೊರುವವನು. ಜ್ವರ ಅಂದ, ಉಸಿರು ಸಿಗುತ್ತಿಲ್ಲ ಅಂದ, ಆಂಬುಲೆನ್ಸ್ ಹತ್ತಿದ. ಮತ್ತೆ ಮನೆಗೆ ಬರಲಿಲ್ಲ. ದೂರದಿಂದ ಮುಖ ತೋರಿಸಿದರು, ಅಷ್ಟೇ. ಆ ಹೆಸರಿಟ್ಟವರು ಇನ್ನೂ ಬದುಕಿದ್ದರು, ಅವನ ತಾಯಿ. ಆ ಯಮ್ಮನ ಅಳು ಬೀದಿಗೆಲ್ಲ ಕೇಳುತ್ತಿತ್ತು. ಅವತ್ತಿನಿಂದ ಗಂಗುಲಮ್ಮ ಗಂಡನ ಉಸಿರನ್ನು ಕಿವಿಗೊಟ್ಟು ಕೇಳುವುದು ಅಭ್ಯಾಸ ಮಾಡಿಕೊಂಡರು. ಅಂಥ ಗಟ್ಟಿ ಎದೆಯೇ ನಿಲ್ಲಲಿಲ್ಲ, ಈ ಎದೆಗೆ ಬಂದರೆ ಏನು ಗತಿ ಅಂತ ನನ್ನ ಹತ್ತಿರ ಒಂದೇ ಸಲ ಕೇಳಿದರು.

ಜೂನ್ ಹೊತ್ತಿಗೆ ಲಸಿಕೆ ಊರಿಗೆ ಬಂತು. ಮೊದಲು ದೊಡ್ಡವರು ಹಾಕಿಸಿಕೊಂಡರೆ ಉಳಿದವರು ಬರುತ್ತಾರೆ ಅಂತ ಲೆಕ್ಕ ಹಾಕಿ ನಮ್ಮ ಮಾವನನ್ನೇ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದೆ. ಹಾಕಿಸಿಕೊಂಡು ಬಂದು ಮಾವ ಮೂರು ದಿನ ನಮ್ಮದೇ ಹುಳದ ಮನೆಯಲ್ಲಿ ಕೆಲಸ ಮಾಡಿದರು ನೋಡಿ, ನಾಲ್ಕನೇ ದಿನ ಹುಳಗಳೆಲ್ಲ ತಲೆಯೆತ್ತಿ ಹಸಿರು ಕಕ್ಕಿಕೊಂಡು ಸತ್ತು ಬಿದ್ದವು. ಒಂದು ತಟ್ಟೆಯೂ ಉಳಿಯಲಿಲ್ಲ. ಮಾವ ಸುಮ್ಮನಿದ್ದರೂ ಅತ್ತೆ ಶ್ಯಾಮಲಮ್ಮ ಸುಮ್ಮನಿರಬೇಕಲ್ಲ. ಸೂಜಿ ಹಾಕಿದ ಕೈ ತಗುಲಿ ಹುಳ ಸತ್ತವು ಅಂದರು. ಸಂಜೆಯೊಳಗೆ ಆ ಮಾತಿಗೆ ಕೈಕಾಲು ಬಂದಿತ್ತು. ಔಷಧಿ ರಕ್ತಕ್ಕೆ ಹೋಗುತ್ತೆ, ರಕ್ತದಿಂದ ಬೆವರಿಗೆ ಬರುತ್ತೆ, ಬೆವರಿನ ಕೈಯಿಂದ ಸೊಪ್ಪಿಗೆ, ಸೊಪ್ಪಿನಿಂದ ಹುಳಕ್ಕೆ. ಸೊಳ್ಳೆ ಬತ್ತಿಯ ಹೊಗೆಗೇ ಸಾಯುವ ಹುಳ ಇದಕ್ಕೆ ಸಾಯುವುದಿಲ್ಲವೇ?

ಬೇರೆ ಊರುಗಳಲ್ಲಿ ಸೂಜಿ ಹಾಕಿಸಿಕೊಂಡರೆ ಮಕ್ಕಳಾಗಲ್ಲ ಅಂತಿದ್ದರು, ಎರಡೇ ವರ್ಷ ಬದುಕೋದು ಅಂತಿದ್ದರು. ಅವಕ್ಕೆಲ್ಲ ನಾನು ಉತ್ತರ ಕಲಿತುಕೊಂಡಿದ್ದೆ. ಹುಳ ಸಾಯುತ್ತೆ ಅಂದರೆ ಏನು ಹೇಳಲಿ? ನಮಗೆ ಕೊಟ್ಟ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಅದೂ ಮಾತು ಹುಟ್ಟಿದ್ದು ನಮ್ಮ ಮನೆಯಲ್ಲೇ! ಮೈಯೆಲ್ಲ ಉರಿದುಹೋಯಿತು. ಅತ್ತೆ ನನ್ನ ಜೊತೆ ಮಾತು ಬಿಟ್ಟರು, ನಾನೂ ಬಿಟ್ಟೆ. ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು.

ಸ್ಕೂಲಿನಲ್ಲಿ ಲಸಿಕೆ ಕ್ಯಾಂಪು ಇಟ್ಟ ದಿನ ಟೊಮೊಟೊ ಬೆಳೆಯುವವರು ಬಂದರು, ಹಸು ಸಾಕಿದವರು ಬಂದರು, ಹುಳ ಸಾಕುವ ಮನೆಗಳಿಂದ ಒಬ್ಬರೂ ಬರಲಿಲ್ಲ. ಬೆಳಗಿನಿಂದ ಒಂದು ಆಟೋ ಮೈಕು ಕಟ್ಟಿಕೊಂಡು ಬೀದಿ ಸುತ್ತುತ್ತಾ, ಲಸಿಕೆಯಿಂದ ಏನೂ ಆಗುವುದಿಲ್ಲ, ಭಯ ಬೇಡ ಅಂತ ಒಂದೇ ಸಮನೆ ಕಿರುಚುತ್ತಿತ್ತು. ಮಧ್ಯಾಹ್ನ ಗಂಗುಲಮ್ಮ ಒಬ್ಬರೇ ಬಂದರು. ಹಾಕಿಸಿಕೊಳ್ಳಲು ಅಲ್ಲ, ವಿಚಾರಿಸಲು. ಏನೂ ಆಗಲ್ಲ ಅಂತ ಮೈಕಿನವನು ಹೇಳುತ್ತಾನೆ, ಹಾಗಾದರೆ ಹಾಕಿಸಿಕೊಂಡ ಹುಡುಗರು ಯಾಕೆ ಹೊದ್ದು ಮಲಗಿದ್ದಾರೆ ಅಂತ ನರ್ಸ್ ತನುಜಳನ್ನು ಕೇಳಿದರು.

ತನುಜ ಬೆಳಗಿನಿಂದ ಊಟ ಮಾಡಿರಲಿಲ್ಲ. ಆದರೂ ಸಿಡುಕಲಿಲ್ಲ. ಕೈ ನೋಯುತ್ತದೆ, ಜ್ವರ ಬರಬಹುದು, ಒಂದೆರಡು ದಿನ ಮೈಕೈ ಹಿಡಿದುಕೊಳ್ಳಬಹುದು ಅಂದಳು. ತುಂಬಾ ಅಪರೂಪಕ್ಕೆ, ಲಕ್ಷಗಟ್ಟಲೆ ಜನರಲ್ಲಿ ಯಾರೋ ಕೆಲವರಿಗೆ ದೊಡ್ಡ ತೊಂದರೆ ಆಗುವುದೂ ಉಂಟು, ಅದಕ್ಕೇ ಹಾಕಿದ ಮೇಲೆ ಅರ್ಧ ಗಂಟೆ ಇಲ್ಲೇ ಕೂರಿಸುತ್ತೇವೆ, ಆಮೇಲೂ ಏನಾದರೂ ಅನಿಸಿದರೆ ಕೂಡಲೇ ಫೋನ್ ಮಾಡಿ ಅಂದಳು. ಉಬ್ಬಸ ಇರುವವರಿಗೆ ಸೂಜಿಗಿಂತ ಕೊರೋನಾನೇ ಹೆಚ್ಚು ಭಯ ಅಂತಲೂ ಹೇಳಿದಳು. ಕೊನೆಗೆ ಗಂಗುಲಮ್ಮ ಹುಳದ ಮಾತೆತ್ತಿದರು.

"ಹಾಗಾಗೋಕೆ ನನಗೇನೂ ಕಾರಣ ಕಾಣಲ್ಲ ಅಮ್ಮ," ಅಂದಳು ತನುಜ. "ಆದ್ರೆ ನಾನು ಹುಳ ಸಾಕಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ."

ವಾಪಸು ಬರುವಾಗ ಗಂಗುಲಮ್ಮನ ಮುಖ ಹಗುರವಾಗಿತ್ತು. ಹುಳದ ಮರಿ ಮಾರುವವನು ಏನೂ ಆಗಲ್ಲ ತಗೊಳ್ಳಿ ಅಂದರೆ ನಾನು ಅವನ ಹತ್ತಿರ ತಗೊಳ್ಳಲ್ಲ, ಇಂಥದ್ದು ಆಗಬಹುದು, ಹೀಗೆ ನೋಡಿಕೊಳ್ಳಿ ಅನ್ನುವವನ ಹತ್ತಿರ ತಗೊಳ್ಳುತ್ತೇನೆ, ಈ ಹುಡುಗಿ ಆ ಥರದವಳು ಅಂದರು. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಮಾರನೇ ದಿನವೇ ಆಟೋದವನನ್ನು ಹಿಡಿದು, ಆ ಏನೂ ಆಗಲ್ಲ ಅನ್ನುವ ಮಾತು ತೆಗೆಸಿದೆ.

ಗಂಗುಲಮ್ಮ ಒಪ್ಪಿದರೇನು ಬಂತು, ಬಯ್ಯಪ್ಪ ಜಪ್ಪಯ್ಯ ಅನ್ನಲಿಲ್ಲ. ಕವಿತ ಚಿಕ್ಕಬಳ್ಳಾಪುರದಿಂದ ದಿನಾ ಫೋನ್ ಮಾಡಿ ಬೈದಳು. ನಾನು ಬಾಗಿಲಾಚೆ ನಿಂತು ಬೈದೆ. ಆ ಮನುಷ್ಯ ತನಗೇನಾಗುತ್ತದೋ ಅಂತ ಹೆದರುತ್ತಿದ್ದರೆ ನಾನು ಹೇಗೋ ಸಮಾಧಾನ ಹೇಳುತ್ತಿದ್ದೆ. ಅವರ ಹೆದರಿಕೆ ತನ್ನದಲ್ಲ, ಹುಳದ್ದು.

"ನನಗೇನಾದ್ರೂ ಆದ್ರೆ ಗಂಗುಲು ಇದಾಳೆ, ಮಗಳಿದಾಳೆ, ಹೆಂಗೋ ನಡೀತದೆ," ಅಂದರು. "ಹುಳ ಹೋದ್ರೆ ಇವರೇನು ತಿಂತಾರೆ ಭಾನಮ್ಮ?"

ಭಾನಮ್ಮ ಅಂದರೆ ನಾನೇ. ಭಾನುಪ್ರಿಯಾ ಅಂತ ಹೆಸರು, ಊರಲ್ಲಿ ಯಾರಿಗೂ ಅಷ್ಟುದ್ದ ಕರೆಯಲು ಪುರುಸೊತ್ತಿಲ್ಲ. ಗಂಡನ ಮಾತು ಕೇಳಿಸಿಕೊಂಡು ಒಳಗಿದ್ದ ಗಂಗುಲಮ್ಮ ಕೈಯಲ್ಲಿದ್ದ ರೆಂಬೆ ಕೆಳಗಿಟ್ಟು ಬಾಗಿಲಿಗೆ ಬಂದರು.

"ಸರಿ ಕಣಯ್ಯ. ಮೊದಲು ನಾನು ಹಾಕಿಸ್ಕೊತೀನಿ. ಈ ಸಲದ ಹುಳದಲ್ಲಿ ಎಡಬದಿ ನಂದು, ಬಲಬದಿ ನಿಂದು. ನನ್ನ ಕಡೆಗೆ ನೀನು ಕೈ ಹಾಕಬಾರದು, ನಿನ್ನ ಕಡೆಗೆ ನಾನು ಹಾಕಲ್ಲ. ಎಡಬದಿ ಗೂಡು ಕಟ್ಟಿದ್ರೆ ನೀನು ಸೂಜಿ ಹಾಕಿಸ್ಕೊಬೇಕು."

ಬಯ್ಯಪ್ಪ ತಲೆ ಕೆರೆದುಕೊಂಡರು. ಎಡಬದಿ ಹೋದರೆ ಅಂತ ಕೇಳಿದರು. ಹೋದರೆ ಅರ್ಧ ತಾನೆ ಹೋಗೋದು, ಆಮೇಲೆ ನಾನು ನಿನ್ನ ಕೇಳಲ್ಲ ಅಂದರು ಗಂಗುಲಮ್ಮ. ಅರ್ಧ ಹುಳ ಅಂದರೆ ಆ ಮನೆಗೆ ಸಣ್ಣ ಮಾತಲ್ಲ. ಹಟ ಹಿಡಿದರೆ ಇಬ್ಬರೂ ಕೆಡುತ್ತಾರೆ ಅಂತ ನಾನೇ ನಡುವೆ ಬಾಯಿ ಹಾಕಲು ಹೋದೆ. ಗಂಗುಲಮ್ಮ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಎರಡು ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಕಳಚಿದ ಹುಳದ ಮರಿಗಳು ಮನೆಗೆ ಬಂದ ದಿನವೇ ಅವರು ಸೂಜಿ ಹಾಕಿಸಿಕೊಂಡರು. ಹುಳದ ಮನೆಯ ನಡುವೆ ಓಡಾಡುವ ದಾರಿ ಇತ್ತು, ಅದೇ ಗಡಿ. ಸುದ್ದಿ ಸುತ್ತಲ ಹಳ್ಳಿಗಳಿಗೆ ಹಬ್ಬಿತು. ತೋಟಕ್ಕೆ ಹೋಗುವವರೆಲ್ಲ ದಾರಿ ಬದಲಿಸಿ ಅಲ್ಲಿಂದಲೇ ಹೋಗತೊಡಗಿದರು, ಬಲೆ ಹೊಡೆದ ಕಿಟಕಿಯಲ್ಲಿ ಇಣುಕಿ ಎಡಬದಿ ಹೆಂಗಿದೆ ಅಂತ ಕೇಳುವುದು. ನಮ್ಮ ಅತ್ತೆ ಮಾತು ಬಿಟ್ಟಿದ್ದವರು ನನ್ನನ್ನು ಕೇಳದೆ, ನನಗೆ ಕೇಳುವ ಹಾಗೆ ಹಸುವನ್ನು ಕೇಳುತ್ತಿದ್ದರು. ನಾನು ತನುಜಳ ಹತ್ತಿರ, ನೋಡು ನಮ್ಮೂರಲ್ಲಿ ಅರ್ಧ ಅರ್ಧ ಮಾಡಿ ಪರೀಕ್ಷೆ ನಡೀತಾ ಇದೆ ಅಂತ ಜಂಬ ಕೊಚ್ಚಿಕೊಂಡೆ.

ಮೊದಲ ದಿನವೇ ಗಂಗುಲಮ್ಮನಿಗೆ ಜ್ವರ ಬಂತು. ಚೆನ್ನಾಗಿಯೇ ಬಂತು, ಹಲ್ಲು ಕಟಕಟ ಅನ್ನುವಷ್ಟು. ನಾನು ಮಾತ್ರೆ ಕೊಟ್ಟು ಬಂದೆ. ಮಾರನೇ ದಿನ ಹೋಗಿ ನೋಡಿದರೆ ಕಂಬಳಿಯೊಳಗೆ ಮುದುಡಿಕೊಂಡಿದ್ದರು. ಬಯ್ಯಪ್ಪ ಬಾಗಿಲಲ್ಲಿ ಕೂತು, ಬಂದವರನ್ನೆಲ್ಲ ಮಾತಾಡಿಸಬೇಡಿ, ಅಲುಗಿಸಬೇಡಿ, ಅವಳು ಜ್ವರಕ್ಕೆ ಹೋಗಿದಾಳೆ, ಎದ್ದ ಮೇಲೆ ಚೆನ್ನಾಗಿ ತಿಂತಾಳೆ ಅಂತ ಥೇಟ್ ಹುಳದ ವಿಷಯ ಹೇಳುವ ಹಾಗೆ ಹೇಳಿ ಕಳಿಸುತ್ತಿದ್ದರು. ತಮಾಷೆಗೆ ಹೇಳಿದರೂ ಮುಖದಲ್ಲಿ ರಕ್ತವಿರಲಿಲ್ಲ. ಅದರ ಮಾರನೇ ದಿನ ಗಂಗುಲಮ್ಮ ಎದ್ದು, ಮುದ್ದೆ ಉಂಡು, ನೋಯುವ ಕೈಯಲ್ಲೇ ಎಡಬದಿಗೆ ಸೊಪ್ಪು ಹಾಸಿದರು. ಕೇಳಿದವರಿಗೆಲ್ಲ, ಹೌದು ಜ್ವರ ಬಂತು, ಮೈ ಮುರಿದುಹೋಯಿತು, ಈಗ ಇಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದರು.

ಮೂರನೇ ಜ್ವರ ಆಯಿತು, ನಾಲ್ಕನೇ ಜ್ವರವೂ ಆಯಿತು. ಎಡಬದಿಯ ಹುಳ ಬೆರಳುದ್ದ ಬೆಳೆದವು, ಬಲಬದಿಯವೂ ಬೆಳೆದವು. ಕೊನೆ ಕೊನೆಗೆ ಸೊಪ್ಪು ತಿನ್ನುವ ಚರಚರ ಸದ್ದು ಬೀದಿಗೆ ಕೇಳುತ್ತಿತ್ತು. ಒಂದು ಬೆಳಗ್ಗೆ ಬಲಬದಿಯಲ್ಲಿ ನಾಲ್ಕಾರು ಹುಳ, ಮೈ ಊದಿ ಹಾಲಿನಂಥ ನೀರು ಸೋರುವ ಹಾಲುತೊಂಡೆ ರೋಗ ಬಂದು ಸತ್ತಿದ್ದವು. ಎಲ್ಲ ಸಲವೂ ಒಂದಿಷ್ಟು ಸಾಯುವುದೇ. ಎಡಬದಿಯಲ್ಲಿ ಸತ್ತಿದ್ದರೆ ಊರು ಏನನ್ನುತ್ತಿತ್ತು ಅಂತ ನಾನು ಕಿಟಕಿಯಲ್ಲಿದ್ದವರನ್ನೆಲ್ಲ ಒಂದು ಸುತ್ತು ದಬಾಯಿಸಿದೆ. ಬಯ್ಯಪ್ಪ ಮಾತ್ರ ಆ ದಿನಗಳಲ್ಲಿ ಯಾಕೋ ತುಂಬಾ ಮೌನವಾಗಿದ್ದರು. ತಮಾಷೆಯಿಲ್ಲ, ನಗುವಿಲ್ಲ. ನನ್ನ ಕಣ್ಣು ತಪ್ಪಿಸಿ ತೋಟಕ್ಕೆ ಹೋಗಿಬಿಡುತ್ತಿದ್ದರು. ಹಾಕಿಸಿಕೊಳ್ಳುವ ದಿನ ಹತ್ತಿರ ಬಂತಲ್ಲ, ಅದಕ್ಕೇ ಜಾರಿಕೊಳ್ಳುತ್ತಿದ್ದಾರೆ ಅಂತ ನಾನು ತಿಳಿದೆ.

ಹುಳ ಹಣ್ಣಾದವು, ತಿನ್ನುವುದು ಬಿಟ್ಟು ನೂಲು ಬಿಡಲು ತಯಾರಾದವು. ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗಳ, ಚಂದ್ರಿಕೆಗಳ ಮೇಲೆ ಬಿಟ್ಟರು, ಹುಳಗಳು ನೂಲು ಸುತ್ತಿಕೊಂಡು ಒಳಗೆ ಸೇರಿದವು. ಗೂಡು ಬಿಡಿಸುವ ದಿನ ಚಂದ್ರಿಕೆಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟರು, ಎಡಬದಿಯವು ಒಂದು ಕಡೆ, ಬಲಬದಿಯವು ಒಂದು ಕಡೆ. ಆವತ್ತು ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಮಾವ ಮುಂದೆ ಬಂದು ಎಡಬದಿಯ ಗೂಡು ಹಿಡಿದು ಅಮುಕಿದರು, ಬಲಬದಿಯದನ್ನೂ ಅಮುಕಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ಎರಡೂ ಒಂದೇ, ಗಟ್ಟಿ ಗೂಡು ಅಂದರು. ಹೇಳಿದವರು ಅಲ್ಲಿಗೆ ನಿಲ್ಲಿಸಲಿಲ್ಲ. ನನ್ನ ಹುಳ ಸತ್ತ ಸಲ ಸೊಪ್ಪು ಸಾಲದೆ ಹೊರಗಿನಿಂದ ಕೊಂಡಿದ್ದೆ, ಆ ತೋಟದ ಪಕ್ಕದಲ್ಲಿ ದ್ರಾಕ್ಷಿ ಇತ್ತು, ಔಷಧಿ ಹೊಡೆದಿದ್ದರೋ ಏನೋ ಕೇಳದೆ ತಂದೆ, ಇಷ್ಟು ವರ್ಷ ಹುಳ ಸಾಕಿದವನು ಹಿಂಗೆ ಮಾಡಿದೆ ಅಂತ ಹೇಳಿಕೊಳ್ಳಲು ಆಗಲಿಲ್ಲ ಅಂದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಚಂದ್ರಿಕೆಯನ್ನು ನೋಡುತ್ತಿದ್ದರು.

ನಾನು ಗೆದ್ದೆ ಅಂತ ಬಾಯಿ ತೆರೆಯುವಷ್ಟರಲ್ಲಿ ಗಂಗುಲಮ್ಮ ಕೈ ಎತ್ತಿದರು. ಈ ಪರೀಕ್ಷೆ ಲೆಕ್ಕಕ್ಕಿಲ್ಲ ಅಂದರು. ಜನ ಗುಜುಗುಜು ಅಂದಿತು. ಬಲಬದಿಯ ಹುಳಕ್ಕೂ ನಾನು ಕೈ ಹಾಕಿದ್ದೇನೆ, ಊರಿಗೆಲ್ಲ ಸುಳ್ಳು ಹೇಳಿ ಸೂಜಿ ಹಾಕಿಸಬಾರದು, ಇನ್ನೊಂದು ಸಲ ಸಾಕಿ ತೋರಿಸುತ್ತೇನೆ ಅಂದರು. ಯಾರೋ ಹಿಂದಿನಿಂದ, ಯಪ್ಪನ ಕೈಯಲ್ಲಿ ಸೊಪ್ಪು ದಪ್ಪ ಬಿತ್ತೇನಮ್ಮ, ನೋಡೋಕಾಗಲಿಲ್ವಾ ಅಂತ ರೇಗಿಸಿದರು. ಎಲ್ಲರೂ ನಕ್ಕರು. ಗಂಗುಲಮ್ಮ ನಗಲಿಲ್ಲ.

"ಸೊಪ್ಪಲ್ಲ. ಸುಣ್ಣ," ಅಂದರು. "ಹುಳ ಜ್ವರಕ್ಕೆ ಹೋದಾಗ ಬಲಬದಿಗೆ ಅವರೇ ಸುಣ್ಣ ಚೆಲ್ಲಬೇಕಾಗಿತ್ತು. ಅವರು ಏಳೋಕೆ ಮುಂಚೆ ಹೋಗಿ ನಾನೇ ಚೆಲ್ಲಿಬಿಟ್ಟೆ, ಎರಡು ಸಲಾನೂ. ಸೂಜಿ ಹಾಕ್ಸಬೇಕು ಅಂತ ಒದ್ದಾಡ್ತಿರೋದೇ ಆ ಯಪ್ಪನ ಉಸಿರಿಗೆ. ಪರೀಕ್ಷೆ ಅಂತ ನಾನೇ ಅವರ ಉಸಿರು ಕಟ್ಟಿಸಲಾ?"

ಬಯ್ಯಪ್ಪ ಗೋಡೆಗೆ ಒರಗಿ ನಿಂತಿದ್ದವರು ನಿಧಾನಕ್ಕೆ ಮುಂದೆ ಬಂದರು.

"ನನಗೆ ಗೊತ್ತಿತ್ತು," ಅಂದರು. "ಬೆಳಗ್ಗೆ ಹೋಗಿ ನೋಡಿದ್ರೆ ಸುಣ್ಣ ಬಿದ್ದಿತ್ತು. ಇನ್ಯಾರು ಚೆಲ್ತಾರೆ? ಸೂಜಿ ಹಾಕ್ಸಿದ ಕೈ ತಗುಲ್ತು, ಇವತ್ತು ಸಾಯ್ತವೆ, ನಾಳೆ ಸಾಯ್ತವೆ ಅಂತ ಕಾಯ್ತಾ ಇದ್ದೆ. ಎಲ್ಲ ಸಲದ ಹಾಗೆ ನಾಲ್ಕಾರು ಬಿಟ್ರೆ ಒಂದೂ ಸಾಯಲಿಲ್ಲ. ನನ್ನ ಹಟ ಆಗ್ಲೇ ಇಳೀತು. ಊರೆಲ್ಲ ನೋಡ್ತಿದ್ರಲ್ಲ, ಹೇಳೋಕೆ ನಾಚಿಕೆ ಆಯ್ತು."

ಆಮೇಲೆ ಇನ್ನೊಂದು ಗುಟ್ಟನ್ನೂ ಬಾಯಿಬಿಟ್ಟರು. ಗಂಗುಲಮ್ಮ ಜ್ವರದಲ್ಲಿ ಮಲಗಿದ್ದಾಗ ಎಡಬದಿಗೆ ಸೊಪ್ಪು ಹಾಕಿದ್ದು ಇವರೇ ಅಂತೆ. ಮರಿಗಳು ಹಸಿದಿದ್ದವು, ಇವಳನ್ನು ಎಬ್ಬಿಸಲು ಮನಸ್ಸು ಬರಲಿಲ್ಲ ಅಂದರು. ಹಾಗಾದರೆ ಗಡಿಯನ್ನು ಇಬ್ಬರೂ ದಾಟಿದ್ದರು! ನಾನು ತನುಜಳ ಮುಂದೆ ಕೊಚ್ಚಿದ್ದ ಜಂಬವೆಲ್ಲ ನೆನಪಾಗಿ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡು, ಸೂಜಿ ಹಾಕಿದ ಕೈ ತಗುಲದ ಹುಳ ಈ ಮನೆಯಲ್ಲಿ ಒಂದೂ ಇರಲಿಲ್ಲ ಅಂತ ಆಯಿತಲ್ಲ, ಎಲ್ಲವೂ ಗೂಡು ಕಟ್ಟಿವೆಯಲ್ಲ, ಇನ್ನೇನು ಬೇಕು ಅಂದರು. ಆಗ ಎದ್ದ ನಗು ನೋಡಬೇಕಿತ್ತು. ಅತ್ತೆಯೂ ನಕ್ಕರು. ನಗುತ್ತಾ ನಗುತ್ತಾ ಬಯ್ಯಪ್ಪನಿಗೆ ಕೆಮ್ಮು ಹತ್ತಿ, ಎದೆ ಕುಯ್ ಅನ್ನತೊಡಗಿತು. ಗಂಗುಲಮ್ಮ ಪಂಪು ತಂದುಕೊಟ್ಟು ಪಕ್ಕದಲ್ಲಿ ನಿಂತರು. ಉಸಿರು ಹದಕ್ಕೆ ಬಂದ ಮೇಲೆ ಬಯ್ಯಪ್ಪ ನನ್ನ ಕಡೆ ತಿರುಗಿ, ಸೂಜಿ ಯಾವತ್ತು ಭಾನಮ್ಮ ಅಂತ ಕೇಳಿದರು.

ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ಒಳ್ಳೆಯ ರೇಟಿಗೇ ಹೋಯಿತು. ಮುಂದಿನ ಸಲ ಊರಿನ ಹೆಚ್ಚಿನ ಮನೆಗಳಲ್ಲಿ ಹುಳ ಜ್ವರಕ್ಕೆ ಹೋದ ದಿನ ನೋಡಿ ನಾನು ಕ್ಯಾಂಪು ಇಡಿಸಿದೆ. ಆ ದಿನ ಸೊಪ್ಪು ಕೊಯ್ಯುವಂತಿಲ್ಲ, ಹಾಸುವಂತಿಲ್ಲ, ಕೈ ನೊಂದರೂ ಜ್ವರ ಬಂದರೂ ಮಲಗಲು ಪುರುಸೊತ್ತಿರುತ್ತದೆ. ಹುಳ ಸಾಕುವವರೆಲ್ಲ ಬಂದರು. ಬಯ್ಯಪ್ಪ ಸಾಲಿನಲ್ಲಿ ಮೊದಲು ನಿಂತು, ಸೂಜಿ ಕಂಡು ಕಣ್ಣು ಮುಚ್ಚಿದರು. ಅರ್ಧ ಗಂಟೆ ಕೂರು ಅಂದರೆ ಗಂಗುಲಮ್ಮ ಒಂದು ಗಂಟೆ ಕೂರಿಸಿದರು. ಅಲ್ಲಿಂದ ಈಚೆಗೆ ಮಗುವಿನ ಸೂಜಿ ಇರಲಿ, ದೊಡ್ಡವರದಿರಲಿ, ನಮ್ಮೂರ ಹೊಸ ತಾಯಂದಿರು ಮೊದಲು ಗಂಗುಲಮ್ಮನನ್ನು ಕೇಳುತ್ತಾರೆ. ಇಂಥದ್ದು ಆಗಬಹುದು, ಇಂಥದ್ದಕ್ಕೆ ನರ್ಸಿಗೆ ಫೋನ್ ಮಾಡಿ ಅಂತ ಅವರು ಹೇಳಿ ಕಳಿಸುತ್ತಾರೆ. ಗೊತ್ತಿಲ್ಲದ್ದನ್ನು ತನುಜಳನ್ನು ಕೇಳಿ ಅನ್ನುತ್ತಾರೆ. ನನಗೆ ಅರ್ಧ ಕೆಲಸ ಕಡಿಮೆ.

ಎರಡನೇ ಸೂಜಿಯೂ ಆದ ಮೇಲೆ, ಸಂಕ್ರಾಂತಿ ಕಳೆದ ವಾರ, ಬಯ್ಯಪ್ಪನಿಗೆ ಕೊರೋನಾ ಬಂತು. ಗಂಗುಲಮ್ಮ ಅವರನ್ನು ಕೋಣೆಯಲ್ಲಿಟ್ಟು ಬಾಗಿಲಲ್ಲಿ ಕೂತರು, ಹುಳದ ಮನೆಗೆ ಕೂರುವ ಹಾಗೇ, ಯಾರನ್ನೂ ಒಳಗೆ ಬಿಡದೆ. ನಾನು ಮೈಯಲ್ಲಿನ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಯಂತ್ರ ತಂದುಕೊಟ್ಟೆ. ಕೆಮ್ಮಿದರು, ಉಬ್ಬಸಪಟ್ಟರು, ಒಂದು ದಿನವಂತೂ ನಾನು ಮೂರು ಸಲ ಹೋಗಿ ಆ ಯಂತ್ರದ ಅಂಕಿ ಕೇಳಿಕೊಂಡು ಬಂದೆ. ಆದರೆ ಆಂಬುಲೆನ್ಸು ಬೇಕಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಒಳಗಿನಿಂದ, ಅವರೆಕಾಳು ಸಾರು ಮಾಡ್ತೀಯೋ ಇಲ್ವೋ ಅಂತ ಕೂಗು ಬಂತು. ಗಂಗುಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವರೆಕಾಯಿ ಬಿಡಿಸಲು ಕೂತರು. ನಾನೂ ಪಕ್ಕದಲ್ಲಿ ಕೂತು ಬಿಡಿಸಿದೆ.

ಈಗಲೂ ನಾನು ಆ ಕಡೆ ಹೋದರೆ ಬಾಗಿಲಾಚೆಯೇ ನಿಲ್ಲಬೇಕು. ಹುಳ ಜ್ವರಕ್ಕೆ ಹೋದ ದಿನ ಹೋದರೆ ಜೊತೆಗೆ ಬಯ್ಯಪ್ಪನೂ ಇರುತ್ತಾರೆ. ತೋಟಕ್ಕೆ ಹೋಗು ಅಂತ ಅವರಿಗೆ ಈಗ ಯಾರೂ ನೆಪ ಹೇಳುವುದಿಲ್ಲ. ಒಳಗೆ ಗಂಗುಲಮ್ಮ ಮೂಗಿಗೆ ಸೆರಗು ಕಟ್ಟಿಕೊಂಡು ಸುಣ್ಣ ಚೆಲ್ಲುತ್ತಾ ಹುಳಗಳಿಗೆ ತೆಲುಗಿನಲ್ಲಿ ಏನೋ ಹೇಳುತ್ತಿರುತ್ತಾರೆ. ಬಯ್ಯಪ್ಪ ನನ್ನ ಪಕ್ಕ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ದಪ್ಪ ಚೆಲ್ಲಬೇಡ ಕಣೇ ಅಂತ ಒಳಗೆ ಕೂಗುತ್ತಾರೆ.